ಒಳಕ್ಕೆ ಹೋದ ಉಣ್ಣೆಯ ಎಳೆ

ಗಾಳಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಚಪ್ಪಲಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದ ಕಂಪ್ಯೂಟರ್ ರಿಪೇರಿ ಅಂಗಡಿ ಅವರದು. ಮೇಷ್ಟ್ರು ಎನ್ನುವ ಬಿರುದು ಅವರಿಗೆ ಬಾಯಿಂದಲೇ ಬಂದದ್ದು. ಕಂಪ್ಯೂಟರ್ ಬಿಸಿಯಾಗುತ್ತದೆ ಎಂದು ಯಾರಾದರೂ ಬಂದರೆ ಸಾಕು, ಸ್ಕ್ರೂ ಬಿಚ್ಚುವ ಮೊದಲೇ ಪಾಠ ಶುರು.

"ನೋಡಿ, ಈ ಡಬ್ಬಕ್ಕೂ ನಮಗೂ ಏನೂ ವ್ಯತ್ಯಾಸ ಇಲ್ಲ. ಮುಂದೆ ಮೂಗು, ಹಿಂದೆ ಬಾಯಿ. ಮುಂದಿನ ಫ್ಯಾನು ತಣ್ಣನೆ ಗಾಳಿ ಒಳಗೆ ತಗೋಬೇಕು, ಹಿಂದಿನ ಫ್ಯಾನು ಬಿಸಿ ಗಾಳಿ ಹೊರಗೆ ಬಿಡಬೇಕು. ಎರಡೂ ಒಳಗೇ ಊದಿದ್ರೆ ಬಿಸಿ ಹೋಗೋದೆಲ್ಲಿಗೆ? ಅಲ್ಲೇ ಸುತ್ತಿ ಸುತ್ತಿ ಎಲ್ಲಾನೂ ಬೇಯಿಸಿಬಿಡತ್ತೆ."

ಹೀಗೆ ಹೇಳಿ ಅಂಗಿಯ ಜೇಬಿಗೆ ಕೈ ಹಾಕುತ್ತಾರೆ. ಅಲ್ಲಿ ಪೆನ್ನಿರುವುದಿಲ್ಲ, ಬೆರಳಗಲದ ತೆಳು ಕಾಗದದ ಪಟ್ಟಿ ಇರುತ್ತದೆ. ಹೊಸ ಬೂಟುಗಳ ಡಬ್ಬಿಯಲ್ಲಿ ಸುತ್ತಿಟ್ಟಿರುವ ಕಾಗದ ಅದು. ಪಕ್ಕದ ಚಪ್ಪಲಿ ಅಂಗಡಿಯಿಂದ ಬರುತ್ತದೆ. ಕ್ಯಾಬಿನೆಟ್ಟಿನ ಮುಂದೆ ಹಿಡಿದರೆ ಕಾಗದ ಜಾಲರಿಗೆ ಅಂಟಿಕೊಳ್ಳಬೇಕು, ಹಿಂದೆ ಹಿಡಿದರೆ ಹೊರಗೆ ಹಾರಾಡಬೇಕು. ಈ ಪರೀಕ್ಷೆ ಆಗದೆ ಅವರ ಅಂಗಡಿಯಿಂದ ಒಂದು ಡಬ್ಬವೂ ಆಚೆ ಹೋಗುವುದಿಲ್ಲ. ಇದನ್ನು ಕಲಿಸಿದವರು ಅವರ ಸೋದರಮಾವ. ಆತ ಟೇಬಲ್ ಫ್ಯಾನುಗಳಿಗೆ ತಂತಿ ಸುತ್ತುತ್ತಿದ್ದವನು, ಮಾತು ಕಡಿಮೆ, ಕೈ ಜೋರು. "ಫ್ಯಾನ್ ಕಟ್ಟಿದ ಮೇಲೆ ಮೊದಲು ಗಾಳಿಗೆ ಮುಖ ಕೊಟ್ಟು ನೋಡು. ಆಮೇಲೆ ಗಿರಾಕಿಗೆ ಮುಖ ಕೊಡು" ಎಂದು ಹೇಳಿ, ಮರೆತ ದಿನ ತಲೆಗೊಂದು ಮೊಟಕುತ್ತಿದ್ದ.

ಮೊದಲೆಲ್ಲ ಕಾಗದವನ್ನು ಮೇಷ್ಟ್ರೇ ಹಿಡಿಯುತ್ತಿದ್ದರು. ಈಗ ಗಿರಾಕಿಯ ಕೈಗೇ ಕೊಟ್ಟು, "ನೀವೇ ಹಿಡಿದು ನೋಡಿ, ನನ್ನ ಮಾತು ನಂಬಬೇಡಿ" ಅನ್ನುತ್ತಾರೆ. ಜನ ಇದನ್ನು ವಿನಯ ಅಂದುಕೊಂಡಿದ್ದಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ. ಅದರ ಹಿಂದೆ ಒಂದು ಮನೆಯ ಕಥೆ ಇದೆ.

ಆ ಮನೆ ಅಂಗಡಿಯಿಂದ ಎರಡು ರಸ್ತೆ ಆಚೆ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಮನೆಯೊಡತಿಯನ್ನು ಎಲ್ಲರೂ ಪಾಠದ ಮೇಡಂ ಅನ್ನುತ್ತಾರೆ. ಕಣ್ಣು ಕಾಣದ ಮಕ್ಕಳ ಶಾಲೆಯೊಂದಕ್ಕೆ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕಳಿಸುವುದು ಅವರ ಕೆಲಸ. ಗಂಡ ಲಾರಿ ಓಡಿಸುತ್ತಾರೆ, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಮನೆಯ ಸಾಮಾನು ಕೋಣೆಯ ಗೋಡೆಗೆ ಹಳೆಯ ಹಾಸಿಗೆ, ಕಂಬಳಿ ತೂಗುಹಾಕಿ, ಬಾಗಿಲ ಸಂದಿಗೆ ಸ್ಪಂಜು ತುರುಕಿ ಮೇಡಂ ಅದನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಒಳಗೆ ಒಂದು ಮೇಜು, ಒಂದು ಮೈಕು, ಮೇಜಿನ ಕೆಳಗೆ ಕಂಪ್ಯೂಟರು. ಮತ್ತೆ ಮೂಲೆಯಲ್ಲಿ ಒಂದು ಬೆತ್ತದ ಕುರ್ಚಿ. ಅದು ಮೇಡಂನ ಅತ್ತೆಯದು.

ಈ ಅಜ್ಜಿಯ ವಿಷಯ ಹೇಳಲೇಬೇಕು. ಮೂವತ್ತು ವರ್ಷ ಸ್ವೆಟರ್ ಕಾರ್ಖಾನೆಯಲ್ಲಿ ದುಡಿದವರು. ಹೆಣೆಯುವ ಕೆಲಸವಲ್ಲ, ನೋಡುವ ಕೆಲಸ. ಮುಗಿದ ಸ್ವೆಟರನ್ನು ದೀಪಕ್ಕೆ ಹಿಡಿದು, ಎಲ್ಲಿ ಹೊಲಿಗೆ ಜಾರಿದೆ, ಎಲ್ಲಿ ಎಳೆ ತಪ್ಪಿದೆ ಎಂದು ಹುಡುಕುವುದು. ಅವರ ಕಣ್ಣು ದಾಟಿ ಒಂದು ತಪ್ಪೂ ಪೇಟೆಗೆ ಹೋಗುತ್ತಿರಲಿಲ್ಲವಂತೆ. ಶಾಲೆ ಮಾತ್ರ ಎರಡನೇ ಕ್ಲಾಸಿಗೇ ನಿಂತಿತ್ತು. ಎಪ್ಪತ್ತು ದಾಟಿದ ಮೇಲೆ ಸೊಸೆಯ ಕೋಣೆಯಲ್ಲಿ ಅದು ಮತ್ತೆ ಶುರುವಾಯಿತು. ಸದ್ದಾಗದ ಮರದ ಕಡ್ಡಿಗಳಲ್ಲಿ ಏನಾದರೂ ಹೆಣೆಯುತ್ತ, ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಂಡು, ದಿನಕ್ಕೆ ನಾಲ್ಕು ಗಂಟೆ ಪಾಠ ಕೇಳುತ್ತಿದ್ದರು.

"ಹೋದ ವರ್ಷ ಎಂಟು ಮುಗೀತು ಕಣಪ್ಪಾ, ಈಗ ಒಂಬತ್ತನೇ ಕ್ಲಾಸು. ಗಣಿತ ಒಂದು ಬಿಟ್ಟು ಎಲ್ಲದರಲ್ಲೂ ಪಾಸು" ಎಂದು ಮೇಷ್ಟ್ರಿಗೆ ಹೇಳಿ ನಗುತ್ತಿದ್ದರು.

ಮೇಷ್ಟ್ರನ್ನು ಆ ಮನೆಗೆ ಕರೆಸಿದ್ದು ಸದ್ದಿನ ಸಲುವಾಗಿ. ಕಂಪ್ಯೂಟರಿನ ಹಳೇ ಫ್ಯಾನುಗಳ ಗುಂಯ್‌ಗುಟ್ಟುವಿಕೆ ಮೈಕಿನಲ್ಲಿ ಬರುತ್ತಿದೆ, ಮಕ್ಕಳಿಗೆ ತಲೆನೋವಂತೆ ಎಂದು ಶಾಲೆಯವರು ಎರಡು ಪಾಠ ವಾಪಸ್ ಕಳಿಸಿದ್ದರು. ಫ್ಯಾನ್ ಕಿತ್ತರೆ ಸದ್ದು ಹೋಗುತ್ತದೆ, ಜೊತೆಗೆ ಕಂಪ್ಯೂಟರೂ ಹೋಗುತ್ತದೆ. ಮೇಷ್ಟ್ರು ಯೋಚಿಸಿ, ದೊಡ್ಡ ರೆಕ್ಕೆಯ, ನಿಧಾನವಾಗಿ ತಿರುಗುವ, ಸದ್ದಿಲ್ಲದ ಫ್ಯಾನುಗಳೇ ಸರಿ ಎಂದರು. ಮುಂದೆ ಎರಡು, ಹಿಂದೆ ಒಂದು. ಸಗಟು ಅಂಗಡಿಯಲ್ಲಿ ಆ ಜಾತಿಯವು ಎರಡೇ ಉಳಿದಿದ್ದವು. ಮೂರನೆಯದಕ್ಕೆ ಅಂಗಡಿಯವನು, "ಇದೂ ಅಷ್ಟೇ ಮೌನಿ, ಹೊಸದಾಗಿ ಬಂದಿದೆ" ಎಂದು ಬೇರೊಂದು ಕೊಟ್ಟ.

ಫ್ಯಾನಿಗೆ ಎರಡು ಮುಖ. ಒಂದು ಕಡೆ ರೆಕ್ಕೆಗಳು ಬಯಲಾಗಿ ಕಾಣುತ್ತವೆ, ಇನ್ನೊಂದು ಕಡೆ ಮೋಟರನ್ನು ಹಿಡಿದ ನಾಲ್ಕು ಪ್ಲಾಸ್ಟಿಕ್ ಕೈಗಳು ಇರುತ್ತವೆ. ಬಯಲು ಮುಖದಿಂದ ಗಾಳಿ ಒಳಗೆ, ಕೈಗಳಿರುವ ಮುಖದಿಂದ ಹೊರಗೆ. ಇಪ್ಪತ್ತಾರು ವರ್ಷದಿಂದ ಮೇಷ್ಟ್ರ ಬೆರಳುಗಳಿಗೆ ಇದು ಬಾಯಿಪಾಠ. ಆದರೆ ಗಾಜಿನ ಕ್ಯಾಬಿನೆಟ್ ಇಟ್ಟುಕೊಂಡು ಒಳಗೆ ಬಣ್ಣದ ದೀಪ ಹಾಕಿಕೊಳ್ಳುವ ಶೋಕಿಯವರಿಗೆ ಆ ಕೈಗಳು ಕಾಣುವುದು ಅಸಹ್ಯವಂತೆ. ಅಂಥವರಿಗೆಂದು ರೆಕ್ಕೆಯನ್ನೇ ಉಲ್ಟಾ ತಿರುಚಿದ ಫ್ಯಾನುಗಳು ಬಂದಿದ್ದವು. ಅವುಗಳಲ್ಲಿ ಕೈಗಳಿರುವ ಕಡೆಯಿಂದಲೇ ಗಾಳಿ ಒಳಕ್ಕೆ. ಮೂರನೆಯದು ಅಂಥದ್ದು. ಚೌಕಟ್ಟಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಾಣದ ಗುರುತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುವ ಗತ್ತಿನಲ್ಲಿ ಮೇಷ್ಟ್ರು ಅದನ್ನು ನೋಡಲಿಲ್ಲ.

ಆದರೂ ಕಾಗದ ಇತ್ತಲ್ಲ, ಅದು ತಪ್ಪನ್ನು ಹಿಡಿದುಕೊಡುತ್ತಿತ್ತು. ಆದರೆ ಕಾಗದ ಜೇಬಿನಲ್ಲೇ ಉಳಿಯಿತು. ಮೂರೂ ಫ್ಯಾನ್ ಕೂರಿಸಿ ಸ್ವಿಚ್ ಒತ್ತಿದಾಗ ಕೋಣೆಯಲ್ಲಿ ಒಂದು ಚೂರು ಸದ್ದಿಲ್ಲ. ಅಜ್ಜಿ ಬಗ್ಗಿ ನೋಡಿ, "ಶುರುವಾಯ್ತೇನಪ್ಪಾ?" ಅಂದರು. ಮೇಡಂ ಚಪ್ಪಾಳೆ ತಟ್ಟಿದರು. "ಮೇಷ್ಟ್ರೇ, ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು!" ಮೇಷ್ಟ್ರು ಉಬ್ಬಿದರು. ಉಬ್ಬಿದವರ ಕೈ ಜೇಬಿಗೆ ಹೋಗಲಿಲ್ಲ, ನೇರ ಮುಚ್ಚಳಕ್ಕೆ ಹೋಯಿತು. ಸ್ಕ್ರೂ ಬಿಗಿದು, ಎದ್ದು ನಿಂತು, ಮೂಗು ಬಾಯಿಯ ಪಾಠವನ್ನು ಪೂರ್ತಿ ಹೇಳಿದರು.

ಆ ಪಾಠವನ್ನು ಮನಸ್ಸಿಟ್ಟು ಕೇಳಿದವರು ಅಜ್ಜಿ ಒಬ್ಬರೇ. "ಧೂಳು ಕೂರತ್ತೆ ಕಣಪ್ಪಾ ಇದರ ಮೇಲೆ. ಒಂದು ಅಂಗಿ ಹೆಣೆದು ಹಾಕ್ಲಾ?"

"ಹಾಕಿ ಅಮ್ಮಾ. ಮುಂದೆ ಒಂದು ಕಿಟಕಿ ಬಿಡಿ, ಹಿಂದೆ ಒಂದು ಕಿಟಕಿ ಬಿಡಿ. ಮುಂದೆ ಗಾಳಿ ಒಳಗೆ ಹೋಗತ್ತೆ, ಹಿಂದೆ ಹೊರಗೆ ಬರತ್ತೆ. ಅದಕ್ಕೆ ಅಡ್ಡ ಆಗದಿದ್ರೆ ಆಯ್ತು."

ಮೇಷ್ಟ್ರು ಹೇಳಿದ ಹಾಗೇ ಅಜ್ಜಿ ಮಾಡಿದರು. ನೀಲಿ ಉಣ್ಣೆಯ ಅಂಗಿ, ಮುಂದೆ ಮೊರದಗಲದ ಕಿಟಕಿ, ಹಿಂದೆ ಫ್ಯಾನಿನಷ್ಟೇ ದುಂಡನೆಯ ಕಿಟಕಿ, ಅಂಚಿಗೆ ಬಿಳಿ ಎಳೆಯ ಕಟ್ಟು. ದಾರಿಯಲ್ಲಿ ಸಿಕ್ಕಾಗ ಮೇಷ್ಟ್ರಿಗೆ ಬೆರಳಲ್ಲಿ ಅಳತೆ ತೋರಿಸಿ ಒಪ್ಪಿಗೆಯನ್ನೂ ಪಡೆದರು.

ಚಳಿ ಕಳೆಯುವ ತನಕ ಏನೂ ಗೊತ್ತಾಗಲಿಲ್ಲ. ಬಿಸಿಲು ಏರಿದ ಮೇಲೆ ಕಂಪ್ಯೂಟರ್ ಆಗಾಗ ತಾನೇ ಆರಿಹೋಗತೊಡಗಿತು. ಕರೆಂಟಿನ ತಕರಾರು ಇರಬೇಕು ಎಂದು ಮೇಡಂ ಸುಮ್ಮನಾದರು. ಒಂಬತ್ತನೇ ತರಗತಿಯ ವಿಜ್ಞಾನ ಮುಗಿಯಲು ಎರಡೇ ಪಾಠ ಬಾಕಿ ಇದ್ದಾಗ, ಒಂದು ಮಧ್ಯಾಹ್ನ ಡಿಸ್ಕ್ ಕಟಕಟ ಎಂದು ನಿಂತೇಹೋಯಿತು. ಪುಸ್ತಕ ಪೂರ್ತಿಯಾದ ಮೇಲೆ ಒಟ್ಟಿಗೆ ಕಳಿಸುವುದು ಮೇಡಂನ ಪದ್ಧತಿ. ನಾಲ್ಕು ತಿಂಗಳ ಧ್ವನಿ ಅದರೊಳಗಿತ್ತು.

ಮೇಷ್ಟ್ರು ಓಡಿ ಬಂದರು. ಉಣ್ಣೆಯ ಅಂಗಿ ತೆಗೆದು ಪಕ್ಕಕ್ಕಿಟ್ಟು ಡಬ್ಬ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಮೂರೂ ಫ್ಯಾನ್ ತಿರುಗುತ್ತಿದ್ದವು. ಮತ್ಯಾಕೆ ಬಿಸಿ? ಅಭ್ಯಾಸದ ಕೈ ಜೇಬಿನಿಂದ ಕಾಗದ ತೆಗೆದು ಹಿಂದಿನ ಜಾಲರಿಗೆ ಹಿಡಿಯಿತು. ಹಾರಾಡಬೇಕಾದ ಕಾಗದ ಜಾಲರಿಗೆ ಹೋಗಿ ಅಂಟಿಕೊಂಡಿತು. ಬಿಡಿಸಿ ಮತ್ತೆ ಹಿಡಿದರು. ಮತ್ತೆ ಅಂಟಿಕೊಂಡಿತು. ಮುಂದಿನ ಎರಡೂ ಒಳಗೇ ಊದುತ್ತಿವೆ, ಹಿಂದಿನದೂ ಒಳಗೇ ಊದುತ್ತಿದೆ. ಅರ್ಧ ನಿಮಿಷದಲ್ಲಿ ಎಲ್ಲವೂ ತಿಳಿದುಹೋಯಿತು. 

ಆಗಲೇ ಬಾಗಿಲಲ್ಲಿ ಮೇಡಂ ನಿಂತು ಕೇಳಿದರು. ಕಣ್ಣು ಕೆಂಪಾಗಿತ್ತು. "ಅತ್ತೆ ಹಾಕಿದ್ರಲ್ಲ, ಆ ಉಣ್ಣೆ ಅಂಗಿ. ಅದರಿಂದಲೇ ಅಲ್ವಾ ಮೇಷ್ಟ್ರೇ?"

ಒಂದು ಮಾತು ಸಾಕಿತ್ತು. ಅಲ್ಲ ಅನ್ನುವ ಎರಡಕ್ಷರ. ಮೇಷ್ಟ್ರ ತಲೆಯಲ್ಲಿ ಏನೇನೋ ಓಡಿತು: ಇಪ್ಪತ್ತಾರು ವರ್ಷದ ಹೆಸರು, ಬಂಗಾರದ ಬಳೆ, ನಾಲ್ಕು ತಿಂಗಳ ಧ್ವನಿ. ಬಾಯಿಂದ ಬಂದದ್ದು ಮಾತ್ರ ಬೇರೆ. "ಉಣ್ಣೆ… ಬಿಸಿ ಹಿಡಿದಿಡತ್ತೆ ಮೇಡಂ."

ಇದು ಸುಳ್ಳಲ್ಲ. ಉಣ್ಣೆ ಬಿಸಿ ಹಿಡಿದಿಡುತ್ತದೆ, ಅದಕ್ಕೇ ಜನ ಸ್ವೆಟರ್ ಹಾಕುವುದು. ಸುಳ್ಳಾಗಿದ್ದರೆ ಮುಂದೊಂದು ದಿನ ಸಿಕ್ಕಿಬೀಳುತ್ತಿದ್ದರೋ ಏನೋ. ನಿಜವನ್ನೇ ಹೇಳಿ ಒಬ್ಬರ ತಲೆಗೆ ಕಟ್ಟುವುದಿದೆಯಲ್ಲ, ಅದು ನುರಿತವರ ಕೆಲಸ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಜ್ವರ ಬರಿಸಿದವನೇ ಬರೆಯ ಕಬ್ಬಿಣ ಕಾಯಿಸಿ ಕೊಟ್ಟ.

ಮೇಡಂ ಅತ್ತೆಯ ಮೇಲೆ ಕೂಗಾಡಲಿಲ್ಲ. ತಿರುಗಿ ಅಡುಗೆಮನೆಯ ಕಡೆ ನೋಡಿ, "ನೋಡಿದ್ರಾ ಅತ್ತೆ" ಎಂದು ಅಷ್ಟೇ ಹೇಳಿದರು. ಅಜ್ಜಿ ಟೀ ತರುತ್ತಿದ್ದರು. ಲೋಟ ತಟ್ಟೆಯ ಮೇಲೆ ಕಿಣಿಕಿಣಿ ಎಂದಿತು. "ನಾನು ಕಿಟಕಿ ಬಿಟ್ಟಿದ್ದೆನಲ್ಲಪ್ಪಾ," ಎಂದು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಟೀ ನೋಡಿದರು. "ಸಕ್ಕರೆ ಸರಿ ಇದೆಯಾ?" ಎಂದು ಅಜ್ಜಿ ಕೇಳಿದರು. ಎರಡು ಸಲ ಬಿದ್ದಿತ್ತೇನೋ, ಪಾನಕದ ಹಾಗಿತ್ತು. ಮೇಷ್ಟ್ರು "ಚೆನ್ನಾಗಿದೆ ಅಮ್ಮಾ" ಎಂದು ತಳದವರೆಗೂ ಕುಡಿದರು.

ಡಬ್ಬವನ್ನು ಅಂಗಡಿಗೆ ತಂದು ಉಲ್ಟಾ ಫ್ಯಾನ್ ಕಿತ್ತು ಬೇರೆ ಹಾಕಿದರು. ಡಿಸ್ಕಿನಿಂದ ಏನಾದರೂ ಉಳಿಸಬಹುದೇ ಎಂದು ಬೇರೆ ಊರಿನ ತಜ್ಞರಿಗೂ ಕಳಿಸಿದರು. ಒಳಗಿನ ತಟ್ಟೆಯೇ ಗೀರಿಹೋಗಿತ್ತು, ಏನೂ ಸಿಗಲಿಲ್ಲ. ಹೊಸ ಡಿಸ್ಕನ್ನು ತಾವೇ ಹಾಕಿಕೊಟ್ಟು ಕಾಸು ಮುಟ್ಟಲಿಲ್ಲ. ಮೇಡಂ ಬೀದಿಯಲ್ಲೆಲ್ಲ ಹೊಗಳಿದರು: "ಈ ಕಾಲದಲ್ಲಿ ಇಂಥವರು ಎಲ್ಲಿ ಸಿಗ್ತಾರೆ!" ಮೇಷ್ಟ್ರಿಗೆ ಪ್ರತಿ ಹೊಗಳಿಕೆಯೂ ಕಪಾಳಕ್ಕೆ ಬಿದ್ದಂತೆ. ಉಲ್ಟಾ ಫ್ಯಾನನ್ನು ಎಸೆಯಲೂ ಆಗದೆ ಮೇಜಿನ ಕೆಳಡ್ರಾಯರಿನಲ್ಲಿ ಹಳೇ ಕೇಬಲ್ಲುಗಳ ಅಡಿಗೆ ತುರುಕಿದರು. ನುಂಗಲಾರದ, ಉಗುಳಲಾರದ ಬಿಸಿತುಪ್ಪ ಅಲ್ಲಿ ಕೂತಿತು.

ಮೂರು ವಾರ ಕಳೆದು ಮೈಕಿನ ವೈರ್ ಸರಿಮಾಡಲು ಹೋದಾಗ ನೋಡುತ್ತಾರೆ, ಬೆತ್ತದ ಕುರ್ಚಿ ಕೋಣೆಯಲ್ಲಿಲ್ಲ. ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿದೆ. ಅಜ್ಜಿ ಅದರಲ್ಲಿ ಕೂತಿದ್ದರು, ಕೈಯಲ್ಲಿ ಕಡ್ಡಿಗಳಿಲ್ಲ. ನೀಲಿ ಅಂಗಿ ಬಿಚ್ಚಿ ಉಂಡೆಯಾಗಿ ಚೀಲ ಸೇರಿತ್ತು.

"ನಾನೇ ಹೊರಗಿರಿ ಅಂದೆ," ಎಂದು ಮೇಡಂ ದನಿ ತಗ್ಗಿಸಿ ಹೇಳಿದರು. "ಇನ್ನೊಂದ್ಸಲ ಏನಾದ್ರೂ ಆದ್ರೆ ನಾನು ಆ ಮಕ್ಕಳಿಗೆ ಏನು ಹೇಳ್ಲಿ? ಪರೀಕ್ಷೆ ಹತ್ರ ಬಂತು, ಮೊದಲಿಂದ ಓದ್ತಿದೀನಿ."

ಹೊರಡುವಾಗ ಅಜ್ಜಿ ಕರೆದರು. "ಅಪ್ಪಾ, ಈ ದೀಪದ ಸ್ವಿಚ್ಚು ನಾನು ಮುಟ್ಟಬಹುದಾ? ಏನೂ ಆಗಲ್ವಲ್ಲ?" ಮೂವತ್ತು ವರ್ಷ ಕಾರ್ಖಾನೆಯ ಯಂತ್ರಗಳ ನಡುವೆ ಓಡಾಡಿದವರು ಮನೆಯ ದೀಪ ಹಾಕಲು ಅಪ್ಪಣೆ ಕೇಳುತ್ತಿದ್ದರು. ಮೇಷ್ಟ್ರು "ಮುಟ್ಟಿ ಅಮ್ಮಾ, ಏನೂ ಆಗಲ್ಲ" ಎಂದು, ಮೆಟ್ಟಿಲನ್ನು ಎರಡೆರಡು ಹಾರಿ ಇಳಿದರು.

ಆಮೇಲಿನ ತಿಂಗಳುಗಳಲ್ಲಿ ಹೇಳಬೇಕೆಂದೇ ಮೂರು ಸಲ ಹೋದರು. ಒಂದು ಸಲ ಮೈಕಿಗೆ ಹೊಸ ಸ್ಟ್ಯಾಂಡ್ ಒಯ್ದರು, ಒಂದು ಸಲ ಒಂದು ಹೆಚ್ಚುವರಿ ಡಿಸ್ಕ್ ಒಯ್ದು ದಿನಾ ನಕಲು ಇಡುವುದನ್ನು ಕಲಿಸಿದರು, ಇನ್ನೊಂದು ಸಲ ಏನೂ ಇಲ್ಲದೆ ಹೋಗಿ, ಬಿಸಿಲು ಜಾಸ್ತಿ ಎಂದು ಹೇಳಿ ಬಂದರು. ಪ್ರತಿ ಸಲವೂ ಮೇಡಂ ಇನ್ನಷ್ಟು ಕೃತಜ್ಞರಾದರು. ಅಜ್ಜಿ ಪ್ರತಿ ಸಲವೂ ಏನಾದರೂ ಒಂದು ಅಪ್ಪಣೆ ಕೇಳಿದರು.

ಮೇಷ್ಟ್ರ ಹೆಂಡತಿ ಬಟ್ಟೆ ಹೊಲಿಯುವವಳು. ಬಟ್ಟೆಯ ಒಳಮೈ ನೋಡಿ ಹೊಲಿಗೆಯ ಬಂಡವಾಳ ಹೇಳುವವಳಿಗೆ ಗಂಡನ ಒಳಮೈ ಕಾಣದೆ ಇರುತ್ತದೆಯೇ? ಒಂದು ದಿನ ಊಟಕ್ಕೆ ಕೂತಾಗ, "ಸಾರು ಬಿಸಿ ಮಾಡ್ಲಾ?" ಎಂದು ಕೇಳಿದರೆ ಮೇಷ್ಟ್ರು ಬೆಚ್ಚಿಬಿದ್ದರು.

"ರೀ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಆರು ತಿಂಗಳಿಂದ ನೋಡ್ತಿದೀನಿ, ಬಿಸಿ ಅಂದ್ರೆ ಸಾಕು ಹೆಗಲು ಮುಟ್ಕೋತೀರ. ಏನದು?"

ಮೇಷ್ಟ್ರು ಹೇಳಿದರು. ತಟ್ಟೆಯಲ್ಲಿ ಅನ್ನ ಒಣಗುವ ತನಕ ಹೇಳಿದರು.  ಮುಗಿದ ಮೇಲೆ ಅಂದಳು, "ಮಂಗ ಬೆಣ್ಣೆ ತಿಂದು ಮೇಕೆ ಮೂತಿಗೆ ಒರೆಸಿತಂತೆ. ಅದಾದ್ರೂ ಪ್ರಾಣಿ."

"ಡಿಸ್ಕ್ ನಾನೇ ಹಾಕ್ಕೊಟ್ಟೆ. ಫ್ಯಾನೂ ಬದಲಾಯಿಸ್ದೆ. ಈಗ ಎಲ್ಲಾ ಸರಿ ಇದೆ."

"ಡಬ್ಬ ಸರಿ ಇದೆ. ಆ ಅಜ್ಜಿ ತಲೆ ಮೇಲೆ ಹೊರಿಸಿದ್ದನ್ನ ಇಳಿಸಿದ್ರಾ?"

ಮೇಷ್ಟ್ರು ಕೈ ತೊಳೆದು ಎದ್ದರು. ನಾಳೆ ಎಂದುಕೊಂಡರು. ಆ ನಾಳೆಗೆ ಇನ್ನೂ ಎರಡು ವಾರ ಹಿಡಿಯಿತು, ಅದೂ ತಾವಾಗಿ ಹೋದದ್ದಲ್ಲ.

ಮೇಡಂನ ಫೋನ್ ಬಂತು. ಡಿಸ್ಕಿನ ನಕಲಿನ ಬಗ್ಗೆ ಏನೋ ಕೇಳಿ, ಆಮೇಲೆ ಬೇರೆ ಮಾತಿಗೆ ಬಂದರು. "ಮೇಷ್ಟ್ರೇ, ನಿಮಗೆ ಗೊತ್ತಿರೋ ಒಳ್ಳೆ ಡಾಕ್ಟರ್ ಯಾರಾದ್ರೂ ಇದಾರಾ? ಅತ್ತೆಗೆ… ಈ ಮರೆವಿನ ಕಾಯಿಲೆ ಶುರುವಾಗಿದೆ ಅನ್ಸತ್ತೆ. ಗ್ಯಾಸ್ ಆರಿಸಿ, ಮತ್ತೆ ಹೋಗಿ ನೋಡ್ತಾರೆ, ಮತ್ತೆ ಬಂದು ನನ್ನ ಕೇಳ್ತಾರೆ. ಹೆಣೆಯೋದು ಬಿಟ್ಟೇ ಬಿಟ್ರು. ಮೊನ್ನೆ ಏನಂದ್ರು ಗೊತ್ತಾ? ಆ ಅಂಗಿ ಹಾಕಿದ್ದಾಗ ಹಿಂದಿನ ಕಿಟಕಿ ಹತ್ರ ಒಂದು ಉಣ್ಣೆ ಎಳೆ ಬಿಟ್ಕೊಂಡಿತ್ತಂತೆ. ಅದು ಒಳಗೆ ಒಳಗೆ ಎಳೀತಿತ್ತಂತೆ. ಹಿಂದೆ ಗಾಳಿ ಹೊರಗೆ ತಾನೇ ಬರೋದು? ನೀವೇ ಹೇಳಿದ್ರಲ್ಲ. ಪಾಪ, ಇಲ್ಲದ್ದೆಲ್ಲ ಕಾಣ್ತಿದೆ ಅವರಿಗೆ. ಸದ್ಯಕ್ಕೆ ಗುರುವಾರ ಒಬ್ಬರ ಹತ್ರ ಹೆಸರು ಬರೆಸಿದೀನಿ."

ಮೇಷ್ಟ್ರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಆ ಕಂಪ್ಯೂಟರಿನ ಬಗ್ಗೆ ನಿಜವನ್ನು ಕಂಡವರು ಇಡೀ ಲೋಕದಲ್ಲಿ ಇಬ್ಬರೇ. ಅದರಲ್ಲಿ ಒಬ್ಬರನ್ನು, ಕಂಡದ್ದಕ್ಕಾಗಿಯೇ, ಡಾಕ್ಟರ ಬಳಿ ಕರೆದೊಯ್ಯುತ್ತಿದ್ದರು. ಇನ್ನೊಬ್ಬ ಅಂಗಡಿಯಲ್ಲಿ ಕೂತು ಪಾಠ ಹೇಳುತ್ತಿದ್ದ. ಥೂ ಎಂದು ಅವರೇ ಅಂದುಕೊಂಡರು, ಗಟ್ಟಿಯಾಗಿಯೇ. ಬೀಗದ ಕೈಯವನು ಇಣುಕಿ ನೋಡಿದ.

ಮರುದಿನ ಬುಧವಾರ. ಬೆಳಗ್ಗೆ ಅಂಗಡಿ ತೆರೆಯದೆ, ಕೆಳಡ್ರಾಯರಿನ ಫ್ಯಾನನ್ನೂ ಅದಕ್ಕೆ ಕರೆಂಟು ಕೊಡಲು ಒಂದು ಹಳೇ ಅಡಾಪ್ಟರನ್ನೂ ಚೀಲಕ್ಕೆ ಹಾಕಿಕೊಂಡು ಮೂರು ಮಹಡಿ ಹತ್ತಿದರು. ಅಜ್ಜಿ ಚಪ್ಪಲಿಗಳ ಪಕ್ಕ ಬೆತ್ತದ ಕುರ್ಚಿಯಲ್ಲಿದ್ದರು. ಮೇಡಂ ಕೋಣೆಯಿಂದ ಹೊರಬಂದು, "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ" ಅಂದರು.

"ಕೂರಲ್ಲ ಮೇಡಂ. ಅಮ್ಮನ ಉಣ್ಣೆ ಅಂಗಿಯಿಂದ ಏನೂ ಆಗಿರಲಿಲ್ಲ. ತಪ್ಪು ನಂದು."

ಇಪ್ಪತ್ತಾರು ವರ್ಷ ಪಾಠ ಹೇಳಿದವರಿಗೆ ಅಂದು ಮಾತು ಪೋಣಿಸಲು ಬರಲಿಲ್ಲ. ಫ್ಯಾನ್ ಉಲ್ಟಾ ಅಂದರು, ಬಾಣ ನೋಡಲಿಲ್ಲ ಅಂದರು, ಕಾಗದ ಹಿಡಿಯಲಿಲ್ಲ ಅಂದರು. ಮೇಡಂಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕೊನೆಗೆ ಫ್ಯಾನನ್ನು ನೆಲದ ಮೇಲೆ ನಿಲ್ಲಿಸಿ ಅಡಾಪ್ಟರಿಗೆ ಸಿಕ್ಕಿಸಿದರು. ಅದು ಸದ್ದಿಲ್ಲದೆ ತಿರುಗಿತು. "ಈ ಕೈಗಳಿರೋ ಕಡೆ ಹಿಂದಿನ ಕಿಟಕಿಗೆ ಬಂದಿತ್ತು. ಇಲ್ಲಿಂದ ಗಾಳಿ ಹೊರಗೆ ಬರ್ಬೇಕಿತ್ತು" ಎಂದು ಜೇಬಿಗೆ ಕೈ ಹಾಕಿದರು.

"ಕಾಗದ ಬೇಡ," ಎಂದರು ಅಜ್ಜಿ.

ಎದ್ದು ಒಳಗೆ ಹೋಗಿ ನೀಲಿ ಉಂಡೆ ತಂದರು. ಗೇಣುದ್ದ ಎಳೆ ಹಲ್ಲಿನಿಂದ ಕಡಿದು, ಮೇಷ್ಟ್ರು ಕೈ ಚಾಚಿದರೂ ಕೊಡದೆ, ಮೆಲ್ಲಗೆ ನೆಲಕ್ಕೆ ಕೂತು ತಾವೇ ಹಿಡಿದರು. ಎಳೆ ಸರ್ರನೆ ಒಳಕ್ಕೆ ಬಾಗಿತು. ಅಜ್ಜಿ ಕೈ ಹಿಂದೆ ತೆಗೆದು ಮತ್ತೆ ಹಿಡಿದರು. ಮತ್ತೆ ಒಳಕ್ಕೆ. ಮೂರನೇ ಸಲವೂ ಒಳಕ್ಕೇ.

"ಹೀಗೇ ಹೋಗ್ತಿತ್ತು," ಎಂದರು. "ನೋಡಮ್ಮಾ, ಹೀಗೇ."

ಮೇಡಂ ಅತ್ತೆಯ ಪಕ್ಕ ನೆಲಕ್ಕೆ ಕೂತರು. "ಅತ್ತೆ…" ಎಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ನಾನೇ ಇವರನ್ನ ಹೊರಗೆ ಕೂರಿಸಿದೆ. ಒಂಬತ್ತನೇ ಕ್ಲಾಸು ಅಂತ ಅಷ್ಟು ಖುಷಿಯಾಗಿದ್ರು. ನೀವು ಒಂದು ಮಾತು ಹೇಳ್ಬಾರದಾಗಿತ್ತಾ?" ಎಂದು ಅತ್ತರು.

 ಅಜ್ಜಿಯೂ ಬೈದರೆ ಸಾಕು, ಹೊಡೆದರೂ ಸರಿ ಎಂದು ಮೇಷ್ಟ್ರಿಗೆ ಅನಿಸುತ್ತಿತ್ತು. ಅಜ್ಜಿ ಬೈಯಲಿಲ್ಲ.

"ಅಪ್ಪಾ, ಒಂದು ಕೇಳ್ತೀನಿ. ಆ ದಿನ ನನ್ನ ಕೈಯಿಂದ ಟೀ ಇಸ್ಕೊಂಡು ಕುಡಿದೆಯಲ್ಲ, ಆಗ ನಿನಗೆ ಗೊತ್ತಿತ್ತಾ?"

ಇಲ್ಲ ಅನ್ನಬಹುದಿತ್ತು. ಆಮೇಲೆ ಅಂಗಡಿಯಲ್ಲಿ ತಿಳಿಯಿತು ಅಂದಿದ್ದರೆ ಯಾರು ಕೇಳುತ್ತಿದ್ದರು? ಆ ಸುಳ್ಳು ನಾಲಿಗೆಯ ತುದಿಯವರೆಗೂ ಬಂತು, ಅದಕ್ಕಾಗಿ ಮೇಷ್ಟ್ರು ಇಂದಿಗೂ ನಾಚುತ್ತಾರೆ.

"ಗೊತ್ತಿತ್ತಮ್ಮಾ."

ಅಜ್ಜಿ ಎಳೆಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಫ್ಯಾನು ಉಲ್ಟಾ ಹಾಕಿದ್ದಕ್ಕೆ ನಾನೇನೂ ಅನ್ನಲ್ಲ. ಕೈ ತಪ್ಪತ್ತೆ. ನಾನು ಮೂವತ್ತು ವರ್ಷ ಕೈತಪ್ಪನ್ನೇ ನೋಡಿದೋಳು. ಈ ಎಳೆ ಒಳಗೆ ಹೋಗೋದನ್ನ ಕಣ್ಣಾರೆ ಕಂಡೆ. ಆದ್ರೂ ಹೊರಗೆ ಬರತ್ತೆ ಅಂತ ನೀನು ಹೇಳಿದ್ಯಲ್ಲ, ನಿನ್ನ ಮಾತು ನಂಬ್ಕೊಂಡ್ ನನ್ನ ಕಣ್ಣನ್ನ ಬಿಟ್ಟೆ. ಕಣ್ಣು ಹೋಯ್ತು ಅಂದ್ಕೊಂಡೆ. ಆಮೇಲೆ ತಲೇನೂ ಹೋಯ್ತು ಅಂದ್ಕೊಂಡೆ. ನಾಳೆ ಡಾಕ್ಟರು ಹೌದು ಅಂದಿದ್ರೆ ಅದನ್ನೂ ನಂಬ್ತಿದ್ದೆ."

ಇಷ್ಟು ಹೇಳಿ ಏಳಲು ಹೋದರು. ಮೇಷ್ಟ್ರು ಕೈ ಕೊಟ್ಟರು. ಅಜ್ಜಿ ಸೊಸೆಯ ಭುಜ ಹಿಡಿದು ಎದ್ದರು. ಮೇಡಂ ಕಣ್ಣೊರೆಸಿಕೊಂಡು ಬೆತ್ತದ ಕುರ್ಚಿ ಎತ್ತಿದಾಗ ಮೇಷ್ಟ್ರು ಇನ್ನೊಂದು ಕಡೆ ಹಿಡಿಯಲು ಬಗ್ಗಿದರು. "ನೀವು ಬಿಡಿ," ಎಂದರು ಮೇಡಂ. ಕುರ್ಚಿ ಕೋಣೆಯ ಮೂಲೆಗೆ, ತನ್ನ ಹಳೇ ಜಾಗಕ್ಕೆ ಹೋಯಿತು. ನೆಲದ ಮೇಲೆ ನಾಲ್ಕು ಕಾಲಿನ ಗುರುತು ಇನ್ನೂ ಇತ್ತು.

ಮೇಷ್ಟ್ರು ಬಗ್ಗಿ ಫ್ಯಾನ್ ಆರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಕೋಣೆಯ ಬಾಗಿಲಲ್ಲಿ ನಿಂತು ಅಜ್ಜಿ ಹೇಳಿದರು, "ಅದನ್ನ ಇಲ್ಲೇ ಬಿಟ್ಟು ಹೋಗು."

"ಇದು ಯಾತಕ್ಕಮ್ಮಾ?"

"ಇರ್ಲಿ. ನನಗೆ ಕಣ್ಣು ಕಾಣಲ್ಲ, ಬುದ್ಧಿ ಇಲ್ಲ ಅಂತ ಇನ್ನೊಂದ್ಸಲ ಯಾರಾದ್ರೂ ಅಂದ್ರೆ, ಹಾಕಿ ನೋಡ್ಕೊಳ್ಳೋಕೆ ಬೇಕು. ನಾನೇ ಅಂದ್ಕೊಂಡ್ರೂ ಬೇಕು."

ಮೇಷ್ಟ್ರು ಫ್ಯಾನನ್ನೂ ಅಡಾಪ್ಟರನ್ನೂ ಬೆತ್ತದ ಕುರ್ಚಿಯ ಪಕ್ಕ, ಅಜ್ಜಿಯ ಕೈಗೆಟುಕುವ ಹಾಗೆ ಇಟ್ಟರು. ಯಾರೂ ಟೀ ಬೇಕಾ ಎಂದು ಕೇಳಲಿಲ್ಲ. ಅವರ ಬೆನ್ನ ಹಿಂದೆ ಬಾಗಿಲು ಮುಚ್ಚಿತು, ಮೇಡಂ ಗಂಟಲು ಸರಿಮಾಡಿಕೊಂಡು ಪಾಠವನ್ನು ಬಿಟ್ಟಲ್ಲಿಂದ ಮುಂದಕ್ಕೆ ಓದತೊಡಗಿದರು, ಮೇಷ್ಟ್ರು ಮೂರು ಮಹಡಿಯನ್ನು ಒಂದೊಂದೇ ಮೆಟ್ಟಿಲಾಗಿ ಇಳಿದರು.